ತುರ್ತು ಎಂಬ ತೂಕದ ಕಲ್ಲು

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ನನ್ನ ಸೋದರಳಿಯನು ಬೆಂಗಳೂರಿನಿಂದ ಐ.ಡಿ.ಹಳ್ಳಿಗೆ ಬಂದಿದ್ದನು. ಸೈನ್ಯಕ್ಕೆ ಬೇಕಾಗುವ ಸಂಪರ್ಕ ಸಾಧನಗಳನ್ನು ಸಿದ್ಧಪಡಿಸುವ ಸಂಸ್ಥೆಯೊಂದರಲ್ಲಿ ಅವನು ಎಂಜಿನಿಯರು. ಸಂಜೆಯ ಸ್ವಾಧ್ಯಾಯ ಮುಗಿದ ಮೇಲೆ ಅಂಗಡಿಯ ಜಗಲಿಯಲ್ಲಿ ಕುಳಿತಿದ್ದಾಗ ಅವನೊಂದು ಪ್ರಶ್ನೆಯನ್ನು ನನ್ನ ಮುಂದಿಟ್ಟನು. "ಮಾವ, ದಾರಿ ಒಂದೇ, ಅದೂ ಕಿರಿದು. ಹೋಗಬೇಕಾದ ಸಂದೇಶಗಳು ಸಾವಿರ. ಒಂದನ್ನು ಮುಂದೆ ಬಿಟ್ಟರೆ ಇನ್ನೊಂದು ಹಿಂದೆ ಬೀಳಲೇಬೇಕು. ಕೆಲವನ್ನು ಅರ್ಧ ದಾರಿಯಲ್ಲಿ ಬಿಸಾಡಬೇಕಾಗುತ್ತದೆ. ಬಿಸಾಡುವುದು ಯಂತ್ರವೇನೋ ಸರಿ. ಆದರೆ ಯಾವುದನ್ನು ಬಿಸಾಡಬೇಕೆಂಬ ನಿಯಮವನ್ನು ಬರೆದುಕೊಡುವವನು ನಾನು. ಇದರಲ್ಲಿ ನನಗೆ ದೋಷವುಂಟೇ?"

ನಾನು ಬಿ.ಕಾಂ. ಓದಿ, ನಾಲ್ಕು ದಶಕಗಳಿಂದ ಕಡಲೆಕಾಯಿ ಮತ್ತು ಹುಣಸೆಹಣ್ಣಿನ ವ್ಯಾಪಾರ ಮಾಡಿಕೊಂಡು ಬಂದವನು. ಗಣಕಯಂತ್ರದ ಒಳಗುಟ್ಟು ನನಗೆ ತಿಳಿಯದು. ಆದರೆ ಸರದಿ, ತೂಕ, ಮೊಹರು ಎಂಬ ಮೂರು ಮಾತುಗಳು ವ್ಯಾಪಾರಿಗೆ ಹೊಸವಲ್ಲ. ಅಂದು ರಾತ್ರಿ ಬಹಳ ಹೊತ್ತು ಅವನು ಹೇಳಿದುದನ್ನು ಕೇಳಿದೆ. ಆಮೇಲೆ ಈ ಕೆಲವು ತಿಂಗಳುಗಳಲ್ಲಿ ನನಗೆ ಎಟುಕಿದಷ್ಟನ್ನು ಓದಿ ನೋಡಿದೆ. ಅವನಿಗೆ ನಾನು ಕೊಟ್ಟ ಉತ್ತರ ಅರೆಬರೆಯದು. ಅದನ್ನೇ ಸಾಧರ್ಮಿ ಬಂಧುಗಳ ವಿಚಾರಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅಹಿಂಸೆಯ ವಿಚಾರ ಮಾಡುವ ಪತ್ರಿಕೆಯಲ್ಲಿ ಸೈನ್ಯದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಗೃಹಸ್ಥನ ಹಿಂಸೆಯನ್ನು ನಮ್ಮ ಹಿರಿಯರು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಆತ್ಮರಕ್ಷಣೆಗಾಗಿ ಒದಗುವ ವಿರೋಧಿ ಹಿಂಸೆಯನ್ನು ಅವನು ಸಂಪೂರ್ಣವಾಗಿ ತ್ಯಜಿಸಲಾರನೆಂದು ಒಪ್ಪಿದ್ದಾರೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನು. 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣವನ್ನು ಬರೆದವನೂ ಅವನೇ. ಅಲ್ಲದೆ ನನ್ನ ಸೋದರಳಿಯನ ಪ್ರಶ್ನೆ ಆಯುಧದ ಪ್ರಶ್ನೆಯಲ್ಲ, ಮಾತಿನ ಪ್ರಶ್ನೆ. ಯಾರ ಮಾತು ಮೊದಲು ಹೋಗಬೇಕು, ಅದನ್ನು ಯಾರು ಹೇಳಬೇಕು ಎಂಬುದು. ಹಾಗಾಗಿ ಅದನ್ನು ಸತ್ಯ ಮತ್ತು ಅಚೌರ್ಯ ಎಂಬ ಎರಡು ಅಣುವ್ರತಗಳ ಕಡೆಯಿಂದ ನೋಡಲು ಅವಕಾಶವಿದೆ.

ಭಾರತ ಸೈನ್ಯದ ಸಿಗ್ನಲ್ ದಳವು 1911ರ ಫೆಬ್ರವರಿ 15ರಂದು ಪ್ರತ್ಯೇಕ ಅಂಗವಾಗಿ ಹುಟ್ಟಿತು. ಅದಕ್ಕೂ ಮೊದಲು ಈ ಕೆಲಸ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂಬ ಪಡೆಗಳ ಕೈಯಲ್ಲಿತ್ತು. 'ತೀವ್ರ ಚೌಕಸ್' ಎಂಬುದು ಈ ದಳದ ಧ್ಯೇಯವಾಕ್ಯ. ವೇಗವೂ ಬೇಕು, ಎಚ್ಚರವೂ ಬೇಕು ಎಂದು ಅದರ ಅಭಿಪ್ರಾಯ. ಈ ಕೆಲಸದ ಬಹುಭಾಗ ನಮ್ಮ ನಾಡಿನಲ್ಲಿಯೇ ನಡೆಯುತ್ತದೆಂಬುದು ನನಗೂ ತಡವಾಗಿ ತಿಳಿಯಿತು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐ.ಟಿ.ಐ. ಮತ್ತು 1954ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸೈನ್ಯಕ್ಕೆ ಸಂಪರ್ಕದ ಉಪಕರಣಗಳನ್ನು ಮಾಡಿಕೊಟ್ಟಿವೆ. ನೌಕಾಪಡೆಗಾಗಿ 2013ರಲ್ಲಿ ಹಾರಿಸಿದ ಜಿಸ್ಯಾಟ್-7 ಮತ್ತು ವಾಯುಪಡೆಗಾಗಿ 2018ರಲ್ಲಿ ಹಾರಿಸಿದ ಜಿಸ್ಯಾಟ್-7ಎ ಉಪಗ್ರಹಗಳನ್ನು ಕಕ್ಷೆಗೆ ಏರಿದ ಮೇಲೆ ನೋಡಿಕೊಂಡದ್ದು ಹಾಸನದ ನಿಯಂತ್ರಣ ಕೇಂದ್ರ. ಬೆಳಗೊಳದ ಯಾತ್ರೆಗೆ ಹಾಸನದ ಕಡೆಯಿಂದ ಹೋಗುವವರು ಆ ದೊಡ್ಡ ಬಟ್ಟಲುಗಳಂತಹ ಆಂಟೆನಾಗಳನ್ನು ಕಂಡಿರಲೂಬಹುದು.

ಇಷ್ಟೆಲ್ಲ ಇದ್ದೂ ದಾರಿ ಕಿರಿದೇಕೆ? ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಚಲನಚಿತ್ರಗಳೇ ಹರಿದುಬರುವಾಗ ಸೈನ್ಯಕ್ಕೆ ಬಡತನವೇ? ಇದನ್ನು ನಾನೂ ಕೇಳಿದೆ. ಅಳಿಯನು ಕಾಗದ ಪೆನ್ಸಿಲು ತರಿಸಿ ಲೆಕ್ಕ ಹಾಕಿ ತೋರಿಸಿದನು. ನಗರದಲ್ಲಿ ನೆಲದೊಳಗೆ ಗಾಜಿನೆಳೆಯ ತಂತಿಯಿದೆ. ಬೆಟ್ಟದ ಮೇಲಿನ ಠಾಣೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಹೋಗುವ ರೇಡಿಯೊ ಮಾತ್ರ ಇರುತ್ತದೆ. ಅಂತಹ ರೇಡಿಯೊ ಸೆಕೆಂಡಿಗೆ 16,000 ಬಿಟ್ ಸಾಗಿಸುತ್ತದೆಂದು ಇಟ್ಟುಕೊಳ್ಳೋಣ. ಇನ್ನೂರು ಅಕ್ಷರಗಳ ಇಂಗ್ಲಿಷ್ ಸಂದೇಶಕ್ಕೆ 1,600 ಬಿಟ್ ಸಾಕು. ಅಂದರೆ ಅದು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಹೋಗಿಬಿಡುತ್ತದೆ. ಅದೇ ರೇಡಿಯೊದ ಮೇಲೆ ಯಾರಾದರೂ ಎರಡು ಮೆಗಾಬೈಟಿನ ಒಂದು ಛಾಯಾಚಿತ್ರವನ್ನು ಹೇರಿದರೆ ಅದಕ್ಕೆ ಒಂದು ಕೋಟಿ ಅರವತ್ತು ಲಕ್ಷ ಬಿಟ್ ಬೇಕು. ಭಾಗಿಸಿ ನೋಡಿದರೆ ಸಾವಿರ ಸೆಕೆಂಡು, ಎಂದರೆ ಹತ್ತಿರ ಹತ್ತಿರ 17 ನಿಮಿಷ. ಆ 17 ನಿಮಿಷ 'ನಮ್ಮ ಮೇಲೆ ಗುಂಡು ಬೀಳುತ್ತಿದೆ' ಎಂಬ ಎರಡು ಸಾಲು ಚಿತ್ರದ ಹಿಂದೆ ನಿಂತಿರಬೇಕು. ಸುಗ್ಗಿಯ ಕಾಲದಲ್ಲಿ ನಮ್ಮ ಓಣಿಯಲ್ಲಿ ಹೊಟ್ಟಿನ ಗಾಡಿಯೊಂದು ಅಡ್ಡ ನಿಂತು, ಅದರ ಹಿಂದೆ ಹೆರಿಗೆಗೆ ಹೊರಟ ಹೆಂಗಸಿನ ಗಾಡಿ ಸಿಕ್ಕಿಕೊಂಡ ಹಾಗೆ.

ಆದುದರಿಂದ ಕ್ರಮವೊಂದು ಬೇಕೇ ಬೇಕು. ಸೈನ್ಯಗಳು ತಂತಿಯ ಕಾಲದಿಂದಲೂ ಅಂತಹ ಕ್ರಮವನ್ನು ಇಟ್ಟುಕೊಂಡಿವೆ. ಪಾಶ್ಚಾತ್ಯ ಸೈನ್ಯಗಳಲ್ಲಿ ರೂಢಿಗೆ ಬಂದ ನಾಲ್ಕು ಮೆಟ್ಟಿಲುಗಳಿಗೆ ಕೆಳಗಿನಿಂದ ರುಟೀನ್, ಪ್ರಯಾರಿಟಿ, ಇಮಿಡಿಯೇಟ್, ಫ್ಲ್ಯಾಶ್ ಎಂದು ಹೆಸರು. ಫ್ಲ್ಯಾಶ್ ಎಂದರೆ ಶತ್ರುವಿನೊಡನೆ ಮೊದಲ ಸಂಪರ್ಕದಂತಹ ಅತ್ಯಂತ ಜರೂರಿನ ಸುದ್ದಿ. ಮನುಷ್ಯಸಾಧ್ಯವಾದಷ್ಟು ಬೇಗ, ಹತ್ತು ನಿಮಿಷದೊಳಗೆ ಅದು ತಲುಪಬೇಕೆಂಬುದು ಗುರಿ. ಮೆಟ್ಟಿಲುಗಳಿಗಿಂತಲೂ ಅವುಗಳಿಗೆ ಕಟ್ಟಿದ ನಿಯಮಗಳು ನನ್ನ ಮನಸ್ಸನ್ನು ಹೆಚ್ಚು ಸೆಳೆದವು. ಫ್ಲ್ಯಾಶ್ ಸಂದೇಶ ಚಿಕ್ಕದಾಗಿಯೇ ಇರತಕ್ಕದ್ದು. ಎಲ್ಲರನ್ನೂ ಬದಿಗೆ ಸರಿಸಿ ಹೋಗುವ ಹಕ್ಕುಳ್ಳವನು ದಾರಿಯನ್ನು ಅತಿ ಕಡಿಮೆ ಹೊತ್ತು ಹಿಡಿಯಬೇಕು ಎಂದಾಯಿತು. ಸಂದೇಶ ಗುಟ್ಟಿನದೆಂಬ ಮಾತ್ರಕ್ಕೆ ಅದು ತುರ್ತಿನದಾಗುವುದಿಲ್ಲ. ಅವೆರಡೂ ಬೇರೆ ಬೇರೆ ಗುರುತುಗಳು. ಒಂದೇ ಸಂದೇಶಕ್ಕೆ ಎರಡು ದರ್ಜೆ ಕೊಡಲೂ ಅವಕಾಶವಿದೆ. ಅದನ್ನು ಓದಿ ಕೆಲಸ ಮಾಡಬೇಕಾದವನಿಗೆ ಮೇಲಿನ ದರ್ಜೆಯಲ್ಲಿಯೂ, ಬರಿಯ ತಿಳಿವಳಿಕೆಗಾಗಿ ಪ್ರತಿ ಪಡೆಯುವವರಿಗೆ ಕೆಳಗಿನ ದರ್ಜೆಯಲ್ಲಿಯೂ ಅದು ಹೋಗುತ್ತದೆ. ನಮ್ಮ ಟ್ರಸ್ಟುಗಳ ಸಭಾ ಸೂಚನೆಗಳನ್ನು ಹೊರಡಿಸುವವರು ಈ ಕಡೆಯ ನಿಯಮವನ್ನು ಬರೆದಿಟ್ಟುಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದು. ದರ್ಜೆಯನ್ನು ನಿರ್ಧರಿಸಬೇಕಾದುದು ವಿಷಯ ಮತ್ತು ಕಾಲವೇ ಹೊರತು ಕಳುಹಿಸುವವನ ಹುದ್ದೆಯಲ್ಲ. ಸೇನಾಪತಿಯ ಊಟದ ವ್ಯವಸ್ಥೆ ರುಟೀನ್. ಕಾವಲಿನ ಸಿಪಾಯಿ ಕಂಡ ಧೂಳು ಫ್ಲ್ಯಾಶ್. ಆದರೆ ಗುರುತನ್ನು ಹಾಕುವವನು ಯಾರು? ಸಂದೇಶವನ್ನು ಕಳುಹಿಸುವವನೇ. ತಕ್ಕಡಿಯನ್ನೂ ಕಲ್ಲನ್ನೂ ಮಾರುವವನ ಕೈಗೇ ಕೊಟ್ಟಂತಾಯಿತು.

ಗುರುತು ತಪ್ಪಿದರೆ ಏನಾಗುವುದೆಂಬುದಕ್ಕೆ ಲೋಕಪ್ರಸಿದ್ಧ ಉದಾಹರಣೆಯೊಂದಿದೆ. 1941ರ ಡಿಸೆಂಬರ್ 7ರ ಬೆಳಿಗ್ಗೆ ಅಮೆರಿಕದ ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ಹವಾಯಿಯ ಸೇನಾಧಿಕಾರಿಗೆ ಎಚ್ಚರಿಕೆಯ ಸಂದೇಶವೊಂದನ್ನು ಕಳುಹಿಸಿದನು. ಸೈನ್ಯದ ರೇಡಿಯೊ ಅಂದು ವಾತಾವರಣದ ದೋಷದಿಂದ ಹವಾಯಿಗೆ ಸಿಗಲಿಲ್ಲ. ಸಂದೇಶವನ್ನು ಸಾರ್ವಜನಿಕ ತಂತಿಯ ಕಂಪನಿಗಳ ಮೂಲಕ ಸಾಗಿಸಿದರು. 7 ಗಂಟೆ 33 ನಿಮಿಷಕ್ಕೆ ಅದು ಹೊನೊಲುಲುವಿನ ತಂತಿ ಕಚೇರಿಗೆ ಬಂತು. ಲಕೋಟೆಯ ಮೇಲೆ ತುರ್ತು ಎಂಬ ಗುರುತೊಂದೂ ಇರಲಿಲ್ಲ. ಮೋಟಾರ್ ಸೈಕಲ್ಲಿನ ಹುಡುಗನೊಬ್ಬ ಇತರ ತಂತಿಗಳೊಡನೆ ಅದನ್ನೂ ತೆಗೆದುಕೊಂಡು ಹೊರಟನು. 7 ಗಂಟೆ 55 ನಿಮಿಷಕ್ಕೆ ಪರ್ಲ್ ಹಾರ್ಬರಿನ ಮೇಲೆ ಬಾಂಬು ಬೀಳತೊಡಗಿತು. ಲಕೋಟೆ ಸೇನಾ ಕಚೇರಿಯನ್ನು ಮುಟ್ಟಿದಾಗ 11 ಗಂಟೆ 45 ನಿಮಿಷ. ಗುರುತಿದ್ದಿದ್ದರೂ ಆ 22 ನಿಮಿಷಗಳಲ್ಲಿ ಎಷ್ಟು ಜೀವ ಉಳಿಯುತ್ತಿತ್ತೋ ಹೇಳಲಾಗದು. ಆದರೆ ಭಾರವಾದ ಸರಕಿಗೆ ಹಗುರ ಕಲ್ಲಿಟ್ಟ ಹಾಗಾಯಿತೆಂಬುದು ನಿಜ.

ಇದಕ್ಕೆ ವಿರುದ್ಧವಾದ ತಪ್ಪು ಹಗುರ ಸರಕಿಗೆ ಭಾರದ ಕಲ್ಲಿಡುವುದು. ಅದು ಒಂದು ದಿನದ ದುರಂತವಾಗಿ ಕಾಣಿಸುವುದಿಲ್ಲವಾದುದರಿಂದ ಪುಸ್ತಕಗಳಲ್ಲಿ ಅದಕ್ಕೆ ಅಷ್ಟು ಪ್ರಸಿದ್ಧಿಯಿಲ್ಲ. ನಾನು ಹೇಳಬೇಕಾದುದು ಮುಖ್ಯವಾಗಿ ಅದರ ವಿಷಯವನ್ನೇ.

1960ರ ದಶಕದಲ್ಲಿ ಅಮೆರಿಕದ ಸೈನ್ಯ ತನ್ನದೇ ಆದ ದೂರವಾಣಿ ಜಾಲವೊಂದನ್ನು ಕಟ್ಟಿತು. ಅದರ ಕೆಲವು ಯಂತ್ರಗಳಲ್ಲಿ ನಮ್ಮ ಫೋನಿನ ಹನ್ನೆರಡು ಗುಂಡಿಗಳ ಪಕ್ಕದಲ್ಲಿ ಇನ್ನೂ ನಾಲ್ಕು ಗುಂಡಿಗಳಿದ್ದವು. ಅವು ದರ್ಜೆಯ ಗುಂಡಿಗಳು. ಮೇಲಿನ ದರ್ಜೆಯ ಗುಂಡಿಯನ್ನೊತ್ತಿ ಕರೆದಾಗ ದಾರಿ ತೆರವಿಲ್ಲದಿದ್ದರೆ ಕೆಳಗಿನ ದರ್ಜೆಯಲ್ಲಿ ಮಾತಾಡುತ್ತಿದ್ದವರ ಕಿವಿಗೆ ಒಂದು ಸದ್ದು ಕೇಳಿಸಿ ಅವರ ಮಾತು ಕತ್ತರಿಸಿಹೋಗುತ್ತಿತ್ತು. ಎಲ್ಲಕ್ಕೂ ಮೇಲಿನ ದರ್ಜೆಯನ್ನು ರಾಷ್ಟ್ರಾಧ್ಯಕ್ಷ, ರಕ್ಷಣಾ ಸಚಿವ ಮುಂತಾದ ಬೆರಳೆಣಿಕೆಯ ಜನ ಮಾತ್ರ ಬಳಸಬಹುದಿತ್ತು. ಯಾವ ಯಂತ್ರ ಎಷ್ಟು ಮೇಲಕ್ಕೆ ಹತ್ತಬಹುದೆಂಬ ಮಿತಿಯನ್ನು ಮೊದಲೇ ಕಟ್ಟಿರುತ್ತಿದ್ದರು. ಎಷ್ಟರವರೆಗೆ ಹತ್ತಬಹುದೆಂಬುದು ಹುದ್ದೆಯಿಂದ, ಇಂದು ಎಷ್ಟು ಹತ್ತಬೇಕೆಂಬುದು ವಿಷಯದಿಂದ. ಮನುಷ್ಯನ ಆಸೆಯನ್ನು ಬಲ್ಲವರು ಮಾಡಿದ ಏರ್ಪಾಡು ಇದು.

ಗಣಕಜಾಲ ಬಂದಾಗ ಈ ಗುಂಡಿಗಳೇ ಅದರೊಳಗೆ ಸೇರಿಕೊಂಡವು. ಇಂದಿನ ಇಂಟರ್‌ನೆಟ್ಟಿನ ಬೇರು ಅಮೆರಿಕದ ರಕ್ಷಣಾ ಇಲಾಖೆಯ ಜಾಲದಲ್ಲಿದೆ. ಅದರಲ್ಲಿ ಪ್ರತಿಯೊಂದು ಸಂದೇಶವನ್ನೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು, ಪ್ರತಿ ಪೊಟ್ಟಣದ ಮೇಲೂ ವಿಳಾಸದ ಚೀಟಿ ಅಂಟಿಸಿ ಕಳುಹಿಸುತ್ತಾರೆ. 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಮೂಲ ನಿಯಮಾವಳಿಯಲ್ಲಿ ಆ ಚೀಟಿಯ ಮೂರು ಬಿಟ್‌ಗಳನ್ನು ತುರ್ತಿನ ದರ್ಜೆಗೆಂದು ಮೀಸಲಿಟ್ಟರು. ಮೂರು ಬಿಟ್ ಎಂದರೆ ಎಂಟು ಮೆಟ್ಟಿಲು. ಕೆಳಗಿನ ಮೆಟ್ಟಿಲುಗಳ ಹೆಸರು ರುಟೀನ್, ಪ್ರಯಾರಿಟಿ, ಇಮಿಡಿಯೇಟ್, ಫ್ಲ್ಯಾಶ್ ಎಂದೇ ಇದೆ. ಸೈನ್ಯದ ಪದಗಳು ಹಾಗೆಯೇ ಬಂದಿವೆ. ಅತ್ಯಂತ ಮೇಲಿನ ಎರಡು ಮೆಟ್ಟಿಲುಗಳು ಮಾತ್ರ ಯಾವ ಸೇನಾಪತಿಗೂ ಸೇರಿದವಲ್ಲ. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಜಾಲದ ಯಂತ್ರಗಳು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತಿಗೆ ಅವನ್ನು ಬಿಟ್ಟಿದ್ದಾರೆ. ರಸ್ತೆಯೇ ಇಲ್ಲವಾದರೆ ದೊರೆಯ ರಥವೂ ನಿಲ್ಲುತ್ತದೆಯಷ್ಟೆ. 1998ರಲ್ಲಿ ಈ ಗುರುತಿನ ಕ್ರಮವನ್ನು ತಿದ್ದಿ ಆರು ಬಿಟ್‌ಗಳಿಗೆ ವಿಸ್ತರಿಸಿದರು. ಹಳೆಯ ಮೆಟ್ಟಿಲುಗಳಿಗೂ ಅದರಲ್ಲಿ ಜಾಗ ಉಳಿಸಿದರು.

ನಮ್ಮ ಮನೆಯ ಹೆಣ್ಣುಮಕ್ಕಳು ಕಳುಹಿಸುವ ಹಬ್ಬದ ಶುಭಾಶಯದ ಪೊಟ್ಟಣದ ಮೇಲೂ ಆ ದರ್ಜೆಯ ಜಾಗವಿದೆ ಎಂದು ಅಳಿಯ ಹೇಳಿದಾಗ ನನಗೆ ಆಶ್ಚರ್ಯವಾಯಿತು. ಹಾಗಾದರೆ ನನ್ನ ಪೊಟ್ಟಣಕ್ಕೂ ಫ್ಲ್ಯಾಶ್ ಎಂದು ಬರೆದುಕೊಳ್ಳಬಹುದಲ್ಲ ಎಂದೆ. ಅವನು ನಕ್ಕನು. "ಬರೆದುಕೊಳ್ಳಬಹುದು ಮಾವ. ಯಾರು ಬೇಕಾದರೂ ಬರೆಯಬಹುದು. ಅದಕ್ಕೇ ಸಾರ್ವಜನಿಕ ಜಾಲದಲ್ಲಿ ಸಾಮಾನ್ಯವಾಗಿ ಅದನ್ನು ಯಾರೂ ನಂಬುವುದಿಲ್ಲ. ದಾರಿಯಲ್ಲಿ ಸಿಕ್ಕುವ ಯಂತ್ರಗಳು ಆ ಗುರುತನ್ನು ಅಲಕ್ಷ್ಯ ಮಾಡುತ್ತವೆ, ಇಲ್ಲವೇ ಅಳಿಸಿಹಾಕುತ್ತವೆ."

ಅವನಿಗೆ ಅದೊಂದು ಸಾಮಾನ್ಯ ಸಂಗತಿ. ನನಗೆ ಮಾತ್ರ ಅಂದು ನಿದ್ದೆ ಬರಲಿಲ್ಲ. ನಾಣ್ಯವಿದೆ, ಅದರ ಮೇಲೆ ಅಂಕೆಯೂ ಇದೆ, ಚಲಾವಣೆಯಿಲ್ಲ. ಅಂಕೆಯನ್ನು ಕಳೆದವರು ಯಾರೋ ಒಬ್ಬ ದೊಡ್ಡ ವಂಚಕರೇನೂ ಅಲ್ಲ. ಯಾರು ಬೇಕಾದರೂ ಸುಳ್ಳು ಹೇಳಬಹುದು, ಹೇಳಿದರೆ ಲಾಭವೂ ಉಂಟು ಎಂಬ ಸ್ಥಿತಿಯೊಂದೇ ಅದನ್ನು ಕಳೆದಿದೆ. ಸೈನ್ಯದ ಜಾಲದಲ್ಲಿ ಹಾಗಾಗಬಾರದೆಂದು ಗಡಿಯಲ್ಲಿ ಕಾವಲು ಇಡುತ್ತಾರೆ. ಪೊಟ್ಟಣ ಒಳಗೆ ಬರುವಲ್ಲಿಯೇ ಇಂತಹ ಕಡೆಯಿಂದ ಇಷ್ಟೇ ಮೇಲ್ದರ್ಜೆ ಬರಬಹುದೆಂದು ಅಳೆದು, ಹೆಚ್ಚಾದುದನ್ನು ಕೆಳಕ್ಕಿಳಿಸುತ್ತಾರೆ. ತೂಕ ಮತ್ತು ಅಳತೆಯ ಇಲಾಖೆಯವರು ವರ್ಷಕ್ಕೊಮ್ಮೆ ಬಂದು ನಮ್ಮ ಕಲ್ಲುಗಳಿಗೆ ಮುದ್ರೆ ಒತ್ತಿ ಹೋಗುತ್ತಿದ್ದುದು ನೆನಪಾಯಿತು.

ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಎಂಬುದೊಂದು. ಕೊಡುವಾಗ ಕಡಿಮೆಯ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ ಇಟ್ಟುಕೊಳ್ಳುವುದೆಂದು ಅದರ ಅರ್ಥ. ಕಿಸೆಗೆ ಕೈ ಹಾಕದಿದ್ದರೂ ಅದನ್ನು ಕಳ್ಳತನದ ಸಾಲಿನಲ್ಲಿಯೇ ಇಟ್ಟ ಹಿರಿಯರ ದೃಷ್ಟಿ ಸೂಕ್ಷ್ಮವಾದುದು. ತುರ್ತಲ್ಲದ ನನ್ನ ಮಾತಿಗೆ ತುರ್ತೆಂಬ ಗುರುತು ಹಾಕಿದರೆ ನಾನು ಎರಡು ವ್ರತಗಳನ್ನು ಒಮ್ಮೆಗೇ ಮುರಿದಂತೆ. ಸಂದೇಶದೊಳಗಿನ ಒಂದೊಂದು ಅಕ್ಷರವೂ ನಿಜವಾಗಿರಬಹುದು, ಮೇಲಿನ ಗುರುತು ಸುಳ್ಳು. ಅದರಿಂದ ನಾನು ಪಡೆಯುವುದು ಮತ್ತೊಬ್ಬನ ಸರದಿ. ಅದನ್ನು ಅವನು ನನಗೆ ಕೊಟ್ಟಿಲ್ಲ. ಕೊಡದುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮಲ್ಲಿ ಅದತ್ತಾದಾನವೆಂದು ಹೆಸರು. ಕಳೆದುಕೊಂಡವನಿಗೆ ತಾನು ಕಳೆದುಕೊಂಡೆನೆಂಬುದೇ ಗೊತ್ತಾಗುವುದಿಲ್ಲ. ದಾರಿ ಇಂದು ನಿಧಾನ ಎಂದಷ್ಟೇ ತಿಳಿದು ಅವನು ಕಾಯುತ್ತಾನೆ. ಇದು ಈ ಕಳ್ಳತನದ ವಿಶೇಷ.

ಇನ್ನು ಒಬ್ಬನು ಮಾಡಿದರೆ ಮುಂದಿನವನೂ ಮಾಡುತ್ತಾನೆ. ನೆರೆಯ ಠಾಣೆಯವನ ಪಡಿತರದ ಪಟ್ಟಿ ಇಮಿಡಿಯೇಟ್ ಎಂದು ಹೋದರೆ ನನ್ನದು ರುಟೀನ್ ಎಂದು ಏಕೆ ಕುಳಿತಿರಬೇಕು? ಹೀಗೆ ಎಲ್ಲವೂ ಮೇಲಿನ ಮೆಟ್ಟಿಲಿಗೆ ಹತ್ತಿದ ಮೇಲೆ ಅಲ್ಲಿ ಮತ್ತೆ ಸರದಿ. ನಿಜವಾದ ತುರ್ತು ಅಲ್ಲಿಯೂ ಹಿಂದೆಯೇ ನಿಲ್ಲಬೇಕು. ಸರ್ಕಾರಿ ಕಚೇರಿಗಳ ಪತ್ರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಜರೂರು' ಸಾಲದೆ 'ಅತಿ ಜರೂರು' ಬಂತು. ನಾನು ಕೋಶಾಧ್ಯಕ್ಷನಾಗಿರುವ ಬಸದಿಯ ಟ್ರಸ್ಟಿನಲ್ಲಿಯೂ ಅದೇ ಮಾತಿನ ಕೆಂಪು ಮೊಹರೊಂದಿದೆ. ಕಳೆದ ವರ್ಷದ ಕಡತವನ್ನು ತೆಗೆದು ನೋಡಿದೆ. ಬಾವಿಯ ರಾಟೆ ಬದಲಿಸುವ ಪತ್ರಕ್ಕೂ ಅದು ಬಿದ್ದಿದೆ. ಮೊಬೈಲಿನ ಗುಂಪುಗಳಲ್ಲಿ ಹರಿದಾಡುವ ಮುಂಜಾನೆಯ ಹೂವಿನ ಚಿತ್ರಗಳನ್ನು ನಾನು ಇದಕ್ಕೆ ಸೇರಿಸುವುದಿಲ್ಲ. ಅವು ಅನರ್ಥದಂಡದ ಬಾಬ್ತು, ಬೇರೆ ಲೆಕ್ಕ.

ಈ ಮಾತುಗಳನ್ನು ಮತ್ತೊಬ್ಬರ ಮೇಲೆ ಹೇಳುವ ಮೊದಲು ನನ್ನದೊಂದನ್ನು ಒಪ್ಪಿಸಬೇಕಾಗಿದೆ. 1984ರ ಕಾರ್ತಿಕ ಮಾಸ. ಕಾಲೇಜು ಮುಗಿಸಿ ಅಂಗಡಿಗೆ ಕುಳಿತು ಮೂರು ವರ್ಷವಾಗಿತ್ತು. ಕಡಲೆಕಾಯಿಯ ಸುಗ್ಗಿ, ದರ ದಿನಕ್ಕೊಂದು. ಚಳ್ಳಕೆರೆಯ ದರ ತಿಳಿಯಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕು. ಆಗಿನ ಕ್ರಮ ಹಿರಿಯ ಓದುಗರಿಗೆ ನೆನಪಿರಬಹುದು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಅರ್ಜೆಂಟಿಗೆ ಎರಡರಷ್ಟು ಹಣ, ಲೈಟ್ನಿಂಗಿಗೆ ಅದಕ್ಕೂ ಎಷ್ಟೋ ಪಾಲು ಹೆಚ್ಚು. ಸೈನ್ಯದಲ್ಲಿ ವಿಷಯ ನೋಡಿ ದರ್ಜೆ. ನಮ್ಮಲ್ಲಿ ಹಣ ನೋಡಿ ದರ್ಜೆ. ಹಣ ಕೊಟ್ಟವನ ಮಾತನ್ನು ತುರ್ತೆಂದು ನಂಬಿಬಿಡುವ ಏರ್ಪಾಡು ಅದು.

ನಾನು ಸಂಜೆ ಐದೂವರೆಗೆ ದೂರವಾಣಿಯ ಕಚೇರಿಗೆ ಹೋದಾಗ ಬೆಂಚಿನ ಮೇಲೆ ವಯಸ್ಸಾದ ರೈತರೊಬ್ಬರು ಕುಳಿತಿದ್ದರು. ಬೆಂಗಳೂರಿಗೆ ಆರ್ಡಿನರಿ ಕಾಲ್ ಬುಕ್ ಮಾಡಿ ನಾಲ್ಕು ಗಂಟೆಯಿಂದ ಕಾಯುತ್ತಿದ್ದರೆಂದು ಆಮೇಲೆ ತಿಳಿಯಿತು. ನಾನು ಚಳ್ಳಕೆರೆಗೆ ಅರ್ಜೆಂಟ್ ಹಾಕಿಸಿದೆ. ಅರ್ಧ ಗಂಟೆಯೊಳಗೆ ಸಿಕ್ಕಿತು. ಮೂರು ನಿಮಿಷದಲ್ಲಿ ದರ ತಿಳಿಯಿತು. ಇನ್ನೂ ಮೂರು ನಿಮಿಷ ಮುಂದುವರಿಸಿ ಮಳೆಯ ವಿಚಾರ, ಮಿಲ್ಲಿನವರ ವಿಚಾರ ಮಾತಾಡಿದೆ. ಅಷ್ಟಕ್ಕೆ ತೃಪ್ತಿಯಾಗದೆ ಹಿಂದೂಪುರದ ದರವನ್ನೂ ತಾಳೆ ನೋಡೋಣವೆಂದು ಅಲ್ಲಿಗೆ ಇನ್ನೊಂದು ಅರ್ಜೆಂಟ್ ಹಾಕಿಸಿದೆ. ಆ ಹಿರಿಯರು ಹತ್ತಿರ ಬಂದು, "ಶೆಟ್ರೇ, ನಿಮ್ದು ಮುಗೀತಾ?" ಎಂದರು. "ಇನ್ನೊಂದೇ, ಆಯ್ತು" ಎಂದೆ. ಎರಡನೆಯ ಕಾಲ್ ಮುಗಿಯುವ ಹೊತ್ತಿಗೆ ಗುಡುಗು ಮಳೆ ಶುರುವಾಗಿ ಲೈನು ಹೋಯಿತು. ರಾತ್ರಿಯೆಲ್ಲ ಬರಲಿಲ್ಲ. ಎರಡೂ ಊರಿನ ದರದಲ್ಲಿ ಕ್ವಿಂಟಾಲಿಗೆ ಮೂರು ರೂಪಾಯಿಯ ವ್ಯತ್ಯಾಸವಿತ್ತು.

ಅವರ ಮಗ ಸೈನ್ಯದಲ್ಲಿದ್ದ. ರಜೆ ಮುಗಿಸಿ ಬೆಂಗಳೂರಿನ ನೆಂಟರ ಮನೆಯಲ್ಲಿ ಇಳಿದು ಅಂದು ರಾತ್ರಿ ಉತ್ತರದ ಕಡೆಯ ರೈಲು ಹತ್ತಬೇಕಾಗಿತ್ತು. ಅವನು ಊರು ಬಿಟ್ಟ ಮಧ್ಯಾಹ್ನವೇ ತಾಯಿಗೆ ಪ್ರಜ್ಞೆ ತಪ್ಪಿತ್ತು. ರೈಲು ಹೊರಡುವ ಮೊದಲು ಪಕ್ಕದ ಮನೆಯ ಫೋನಿಗೆ ಒಂದು ಮಾತು ಮುಟ್ಟಿಸಿದ್ದರೆ ಅವನು ಹಿಂದಿರುಗುತ್ತಿದ್ದ. ಆಕೆ ಮೂರನೆಯ ದಿನ ತೀರಿಕೊಂಡರು. ತಂತಿ ಕೈಸೇರಿ ಮಗ ಊರಿಗೆ ಬಂದದ್ದು ತಿಥಿಯ ಹೊತ್ತಿಗೆ. ಇದನ್ನೆಲ್ಲ ನನಗೆ ಹೇಳಿದವರು ತಿಂಗಳ ಮೇಲೆ ಅಂಗಡಿಗೆ ಕಾಯಿ ತಂದ ಅವರ ಊರಿನವರು. ಅವರಿಗೆ ಅಂದು ಅಲ್ಲಿದ್ದ ಶೆಟ್ಟರು ನಾನೇ ಎಂಬುದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಕಾನೂನಿನ ಪ್ರಕಾರ ನಾನು ಮಾಡಿದ್ದರಲ್ಲಿ ತಪ್ಪೇನಿಲ್ಲ. ಎರಡರಷ್ಟು ಹಣ ಕೊಟ್ಟಿದ್ದೇನೆ, ರಸೀದಿಯೂ ಇತ್ತು. ಆದರೆ ಒಂದು ಮಾತು, ನಿಮ್ಮದು ಯಾರಿಗೆ, ಏನು ವಿಷಯ ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ.

ಆ ಹಿರಿಯರಿಗೆ ತಮ್ಮ ಮಾತಿನ ಮೇಲೆ ಗುರುತು ಹಾಕಿಕೊಳ್ಳುವಷ್ಟು ಹಣವಿರಲಿಲ್ಲ. ಎಷ್ಟೋ ವೇಳೆ ಅತ್ಯಂತ ಭಾರದ ಸುದ್ದಿ ಇಂತಹವರ ಕೈಯಲ್ಲಿಯೇ ಇರುತ್ತದೆ. 1999ರ ಮೇ ತಿಂಗಳಿನಲ್ಲಿ ಕಾರ್ಗಿಲ್ ಜಿಲ್ಲೆಯ ಬಟಾಲಿಕ್ ಪ್ರದೇಶದಲ್ಲಿ ತಾಶಿ ನಂಗ್ಯಾಲ್ ಎಂಬ ಕುರಿಗಾಹಿಯು ತಪ್ಪಿಸಿಕೊಂಡ ತನ್ನ ಯಾಕನ್ನು ಹುಡುಕುತ್ತ ಹೋಗಿ, ಬೆಟ್ಟದ ಮೇಲೆ ಅಪರಿಚಿತರು ನೆಲ ಅಗೆಯುತ್ತಿರುವುದನ್ನು ದುರ್ಬೀನಿನಲ್ಲಿ ಕಂಡನು. ಇಳಿದು ಬಂದು ಸೈನ್ಯದವರಿಗೆ ಹೇಳಿದನು. ಅವನ ಹತ್ತಿರ ಯಾವ ಗುಂಡಿಯೂ ಇರಲಿಲ್ಲ, ಯಾವ ದರ್ಜೆಯೂ ಇರಲಿಲ್ಲ. ಕೇಳಿಸಿಕೊಂಡವರಿದ್ದರು, ಅಷ್ಟೆ.

ಇನ್ನು ಅಳಿಯನ ಪ್ರಶ್ನೆ. ಹಿಂದೆ ತಳ್ಳುವುದರಲ್ಲಿ ದೋಷವುಂಟೇ? ನಿಶ್ಚಯನಯದಿಂದ ನೋಡಿದರೆ ಎಲ್ಲ ಜೀವಗಳೂ ಸಮಾನ. ಆದರೂ ವ್ಯವಹಾರದಲ್ಲಿ ಗೃಹಸ್ಥನು ತ್ರಸಜೀವಗಳ ಹಿಂಸೆಯನ್ನು ಬಿಡುತ್ತಾನೆ, ಸ್ಥಾವರಗಳ ವಿಷಯದಲ್ಲಿ ಮಿತಿಯನ್ನು ಹಾಕಿಕೊಳ್ಳುತ್ತಾನೆ. ನೀರಿನ ಜೀವ ಕೀಳೆಂದು ಅದರ ಅರ್ಥವಲ್ಲ. ಅವನಿಂದ ಆಗುವುದು ಅಷ್ಟು ಎಂದು ಅರ್ಥ. ಕ್ರಮವೇ ದೋಷವಾಗುವುದಿಲ್ಲ. ಹಿಂದೆ ನಿಂತದ್ದು ಕೀಳೆಂದು ಬಗೆದು ಅದನ್ನು ಮರೆತುಬಿಟ್ಟರೆ ಆಗ ದೋಷ. ಅದು ಪ್ರಮಾದ. ಇದನ್ನು ಹೇಳಿದಾಗ ಅವನು, "ಮರೆಯುವುದಕ್ಕೆ ನಮ್ಮಲ್ಲಿ ಒಂದು ಹೆಸರೇ ಇದೆ ಮಾವ" ಎಂದನು. ಮೇಲಿನ ಸಾಲು ಪೂರ್ತಿ ಖಾಲಿಯಾದಾಗ ಮಾತ್ರ ಕೆಳಗಿನ ಸಾಲಿನ ಕಡೆ ನೋಡು ಎಂದು ಯಂತ್ರಕ್ಕೆ ಹೇಳಿದರೆ, ದಟ್ಟಣೆಯ ದಿನ ಮೇಲಿನ ಸಾಲು ಖಾಲಿಯಾಗುವುದೇ ಇಲ್ಲ, ಕೆಳಗಿನದು ನಿಂತೇ ಇರುತ್ತದೆ. ಅವರ ಪುಸ್ತಕಗಳಲ್ಲಿ ಅದನ್ನು ಹಸಿವಿನಿಂದ ಸಾಯುವುದು ಎಂಬರ್ಥದ ಮಾತಿನಿಂದಲೇ ಕರೆಯುತ್ತಾರಂತೆ.

ಆ ಕೆಳಗಿನ ಸಾಲಿನಲ್ಲಿರುವುದು ಪಡಿತರ, ಔಷಧಿಯ ಬೇಡಿಕೆ, ರಜೆಯ ಅರ್ಜಿ, ಮನೆಯಿಂದ ಬಂದ ನಾಲ್ಕು ಸಾಲು. ಇಂದು ರುಟೀನ್ ಆಗಿರುವ ಔಷಧಿಯ ಪಟ್ಟಿ ಹತ್ತು ದಿನ ಹೋಗದಿದ್ದರೆ ಹನ್ನೊಂದನೆಯ ದಿನ ತಾನೇ ಫ್ಲ್ಯಾಶ್ ಆಗಿ ಹೊರಡಬೇಕಾಗುತ್ತದೆ. ಇದಕ್ಕೆ ಎರಡು ಉಪಾಯಗಳಿವೆಯೆಂದು ಅವನು ಹೇಳಿದನು. ದಾರಿಯ ಒಂದು ಪಾಲನ್ನು, ಎಂತಹ ದಟ್ಟಣೆಯಲ್ಲಿಯೂ ಮುಟ್ಟದಂತೆ, ಕೆಳಗಿನ ಸಾಲಿಗೆ ಕಾದಿಡುವುದು ಒಂದು. ಕಾದಷ್ಟೂ ಸಂದೇಶದ ದರ್ಜೆ ತಾನಾಗಿಯೇ ಮೆಲ್ಲಗೆ ಏರುವಂತೆ ಮಾಡುವುದು ಇನ್ನೊಂದು. ಎರಡನೆಯದು ನನಗೆ ಬಹಳ ಹಿಡಿಸಿತು. ಕಾದದ್ದಕ್ಕೂ ತೂಕವುಂಟೆಂದು ಒಪ್ಪುವ ತಕ್ಕಡಿ ಅದು. ಆದರೆ ಯುದ್ಧದ ನಡುವೆ ಹಳೆಯ ರಜೆಯ ಅರ್ಜಿಯೊಂದು ಏರುತ್ತಾ ಹೋಗಿ ಶತ್ರುವಿನ ಸುದ್ದಿಗೆ ಅಡ್ಡ ನಿಲ್ಲಬಾರದಲ್ಲ, ಅದಕ್ಕೂ ಮಿತಿ ಬೇಕೆಂದು ಅವನೇ ತಿದ್ದಿದನು. ಅದೂ ಸರಿ. ಹಾಗಾಗಿ ಕಾದಿಡುವ ಪಾಲಿನ ಮಾತೇ ಉಳಿಯಿತು. ಎಷ್ಟು ಪಾಲು? ನೂರಕ್ಕೆ ಐದೇ, ಹತ್ತೇ? ಲೆಕ್ಕ ಕಲಿತವನೆಂದು ನನ್ನನ್ನೇ ಕೇಳಿದನು. ಹೆಚ್ಚಿಟ್ಟರೆ ಯಾವುದೋ ಬೆಟ್ಟದ ಮೇಲೆ ಒಂದು ಎಚ್ಚರಿಕೆ ಅರೆಕ್ಷಣ ತಡವಾದೀತು. ಕಡಿಮೆ ಇಟ್ಟರೆ ಯಾರೋ ಬೆಂಚಿನ ಮೇಲೆ ರಾತ್ರಿಯೆಲ್ಲ ಕುಳಿತಿರಬೇಕಾದೀತು. ನನಗೆ ಅಂಕಿ ಹೊಳೆಯಲಿಲ್ಲ. ಕ್ಷಮಾವಣಿಯ ದಿನ ಅವನು ಫೋನು ಮಾಡಿದಾಗ ತಮ್ಮ ತಂಡದಲ್ಲಿ ಅದರ ಚರ್ಚೆ ಇನ್ನೂ ಮುಗಿದಿಲ್ಲವೆಂದನು. ಕೇಳಿ ನನಗೆ ಸಮಾಧಾನವೇ ಆಯಿತು.

ಟ್ರಸ್ಟಿನ ಕೆಂಪು ಮೊಹರನ್ನು ನಾನು ಗುಮಾಸ್ತರ ಮೇಜಿನಿಂದ ತೆಗೆದು ತಿಜೋರಿಯಲ್ಲಿ ಬೆಳ್ಳಿಯ ಕಲಶದ ಪಕ್ಕಕ್ಕೆ ಇಟ್ಟಿದ್ದೇನೆ. ಬೇಕಾದವರು ಅಧ್ಯಕ್ಷರ ಮತ್ತು ನನ್ನ ಸಹಿ ಪಡೆದು ತೆಗೆಸಿಕೊಳ್ಳಬಹುದು. ನಾಲ್ಕು ತಿಂಗಳಾಯಿತು, ಒಮ್ಮೆ ಹೊರಗೆ ಬಂದಿದೆ. ಗಾಳಿಮಳೆಗೆ ಮಾನಸ್ತಂಭದ ಬುಡದ ಕಲ್ಲು ಸರಿದ ದಿನ.